ಅವ್ವನ ಮುಗಿಯದ ಹೆಣಿಗೆ

ನೆರಳುಬೀದಿ, ಬೆಟಗೇರಿ
ಹದಿಮೂರನೆಯ ತಿಂಗಳ ಎರಡನೆಯ ದಿನ, ಕ್ರಿ.ಶ. 2214

ಹೊಸ ಉಣ್ಣೆಯ ಉಂಡೆಗಳನ್ನು ತರಕಾರಿ ಚೀಲದ ಅಡಿಯಲ್ಲಿ ಮುಚ್ಚಿಟ್ಟುಕೊಂಡು ಮನೆಯೊಳಗೆ ಬರುವ ನನ್ನ ಹಿರಿಯರೇ,

ಮೇಲಿನ ತಾರೀಕು ಕಂಡು ಗಾಬರಿಯಾಗಬೇಡಿ. ನಾವು ತಿಂಗಳುಗಳನ್ನು ಗಿಡ್ಡ ಮಾಡಿ ವರ್ಷಕ್ಕೆ ಹದಿಮೂರು ಮಾಡಿಕೊಂಡಿದ್ದೇವೆ. ನನ್ನ ಬರವಣಿಗೆ ಎಲ್ಲಾದರೂ ತೊಡಕೆನಿಸಿದರೆ ಅದನ್ನೂ ಕ್ಷಮಿಸಿ. ನೀವು ದಿನಬಳಕೆಗೆ ಬರೆಯುವ ಕನ್ನಡವನ್ನು ನಮ್ಮ ಶಾಲೆಗಳಲ್ಲಿ ಹಳಗನ್ನಡವೆಂದು ಕಲಿಸುತ್ತಾರೆ; ನಾನು ಆ ವಿಷಯದಲ್ಲಿ ಹೇಗೋ ಪಾಸಾದವಳು. ಮನೆಯಲ್ಲಿ ಆಡುವ ಮಾತು ಮಾತ್ರ ಅಂದಿನಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ.

ನನ್ನ ಹೆಸರು ನೀಲಾಂಬಿಕೆ. ಹೊಲಿಯುತ್ತೇನೆ, ಹೆಣೆಯುತ್ತೇನೆ, ಎರಡನ್ನೂ ಒಟ್ಟಿಗೆ ಮಾಡುತ್ತೇನೆ. ನಿಮ್ಮ ಕಾಲದ ಹೆಂಗಸರು ಒಬ್ಬರಿಗೊಬ್ಬರು ಬರೆದುಕೊಂಡ ಮಾತುಗಳು ಒಂದಿಷ್ಟು ನಮ್ಮವರೆಗೆ ಉಳಿದು ಬಂದಿವೆ. ಕೈಯಲ್ಲಿರುವ ಸ್ವೆಟರ್ ಮುಗಿಯುವವರೆಗೆ ಇನ್ನೊಂದು ಉಂಡೆ ಕೊಳ್ಳುವುದಿಲ್ಲ ಎಂದು ಆಣೆ ಮಾಡಿಕೊಂಡವರು, ಕಪಾಟು ತೆರೆದಾಗಲೆಲ್ಲ ಹೊಲಿಯದ ಬಟ್ಟೆ ಕಂಡು ನಾಚಿಕೊಂಡವರು, ಗಂಡ ಕೇಳಿದರೆ ‘ಇದು ಹಳೆಯದು’ ಎಂದು ಸುಳ್ಳು ಹೇಳಿದವರು. ಅವನ್ನು ಓದಿ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ನಿಮ್ಮ ಮನಸ್ಸಿನೊಳಗಿನ ಆ ಅಳುಕು ನಮ್ಮ ಕಾಲದಲ್ಲಿ ಕಾನೂನಾಗಿ ಕೂತಿದೆ.

ಅದು ಹೇಗೆ ಬಂತೆಂದು ಹೇಳುತ್ತೇನೆ. ನಿಮ್ಮ ನಂತರದ ತಲೆಮಾರುಗಳು ಒಮ್ಮೆ ತೊಟ್ಟು ಬಿಸಾಡಿದ ಬಟ್ಟೆ ಊರೂರ ಹೊರಗೆ ಗುಡ್ಡವಾಗಿ ಬಿದ್ದಿತ್ತು. ಬೆಂಕಿ ಬಿದ್ದರೆ ಬೇಸಿಗೆಯಿಡೀ ಹೊಗೆಯಾಡುತ್ತಿತ್ತು. ಆ ಹೊಗೆ ಕುಡಿದು ಬೆಳೆದ ಮಕ್ಕಳೇ ದೊಡ್ಡವರಾಗಿ ಮಿತಿಯ ಕಾನೂನು ಮಾಡಿದರು. ಅವರನ್ನು ನಾನು ಬೈಯುವುದಿಲ್ಲ. ನೂಲು, ಬಟ್ಟೆ ಈಗ ನೂಲುಮನೆಯಲ್ಲಿ ಮಾತ್ರ ಸಿಗುತ್ತದೆ. ಕಪ್ಪತಗುಡ್ಡದ ಕುರಿಗಳ ಉಣ್ಣೆ, ಬಾಳೆನಾರಿನ ನೂಲು, ಎಕ್ಕದ ಕಾಯಿಯಿಂದ ತೆಗೆದ ರೇಷ್ಮೆಯಂಥ ಎಳೆ, ಕೈಮಗ್ಗದಲ್ಲಿ ನೇಯ್ದ ಕುಬುಸದ ಖಣ, ಎಲ್ಲವೂ ಅಲ್ಲಿವೆ. ಕೊಳ್ಳುವ ಮೊದಲು ಮಾರಾಟದ ಕಟ್ಟೆಯ ಆಚೆಗಿನವರು ‘ಯಾವುದಕ್ಕೆ?’ ಎಂದು ಕೇಳುತ್ತಾರೆ. ಅದು ಏನಾಗಲಿದೆ ಎಂದು ಹೇಳಬೇಕು. ಒಬ್ಬರ ಕೈಯಲ್ಲಿ ಒಂದೇ ಕೆಲಸ. ಅದು ಮುಗಿಯದೆ ಇನ್ನೊಂದಿಲ್ಲ. ಮುಗಿಯದೆ ಮನೆಯಲ್ಲಿ ಬಿದ್ದಿರುವುದಕ್ಕೆ ‘ಉಳಿಕೆ’ ಎಂದು ಹೆಸರು. ಉಳಿಕೆಯನ್ನು ಹುಡುಕಿಕೊಂಡು ಮನೆಮನೆಗೆ ಬರುವವರು ಮಿತಪಾಲಕರು. ಬಟ್ಟೆಯ ಗುಡ್ಡ ಮಾಡಿದವರು ಯಾರೋ. ಬುಟ್ಟಿ ತೆರೆದು ತೋರಿಸಬೇಕಾದವರು ನಾವು.

ನಮ್ಮ ಬೀದಿಗೆ ನೆರಳುಬೀದಿ ಎನ್ನುವುದು ಸುಮ್ಮನಲ್ಲ. ಈ ಸಾಲಿನ ಮಾಳಿಗೆಯಿಂದ ಆ ಸಾಲಿನ ಮಾಳಿಗೆಗೆ ಬಿಳಿಯ ದಪ್ಪ ಬಟ್ಟೆ ಎಳೆದು ಕಟ್ಟಿರುತ್ತೇವೆ. ಅದಿಲ್ಲದೆ ಹಗಲಲ್ಲಿ ಹೊರಗೆ ಕಾಲಿಡುವಂತಿಲ್ಲ. ಗಾಳಿಗೆ ಹರಿದ ಕಡೆ ಬೀದಿಯ ಹೆಂಗಸರೇ ಏಣಿ ಹತ್ತಿ ಹೊಲಿಯುತ್ತೇವೆ. ಮಧ್ಯಾಹ್ನ ಎಲ್ಲರೂ ಮಲಗುತ್ತಾರೆ, ಸಂಜೆ ಅಂಗಡಿಗಳು ತೆರೆಯುತ್ತವೆ. ಬೆಳಗಿನ ಜಾವ ಮಾತ್ರ ಕಪ್ಪತಗುಡ್ಡದ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತದೆ. ರೊಟ್ಟಿ ಬಡಿಯುವವರೂ ಸ್ವೆಟರ್ ತೊಟ್ಟೇ ಬಡಿಯುತ್ತಾರೆ. ಹೀಗೆ ಉಣ್ಣೆಯೂ ಬೇಕು, ಬಟ್ಟೆಯೂ ಬೇಕು ಎನ್ನುವ ಊರು ನಮ್ಮದು.

ನಮ್ಮ ಅವ್ವ ಗುರುಸಿದ್ದವ್ವ ಈ ಕಾನೂನನ್ನು ಒಂದು ದಿನವೂ ಪಾಲಿಸಿದವಳಲ್ಲ. ಅವಳ ಮಂಚದ ಸುತ್ತ ಬುಟ್ಟಿಗಳೇ. ಒಂದರಲ್ಲಿ ತೋಳಿಲ್ಲದ ಸ್ವೆಟರ್, ಒಂದರಲ್ಲಿ ಹಳೆಯ ಬಟ್ಟೆ ಜೋಡಿಸಿದ, ಅಂಚು ಕಟ್ಟದ ಕೌದಿ, ಇನ್ನೊಂದರಲ್ಲಿ ಯಾವ ಕೂಸಿನ ತಲೆಗೆಂದು ಅವಳಿಗೇ ತಿಳಿಯದ ಕುಂಚಿಗೆ. ಅವುಗಳಡಿ ಇನ್ನೂ ಕತ್ತರಿ ಕಾಣದ ಖಣಗಳು. ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ತರಿಸುತ್ತಿದ್ದಳು: ನನ್ನ ಹೆಸರು, ಸೋದರತ್ತೆಯ ಹೆಸರು, ಹೆಣಿಗೆಯ ಕಡ್ಡಿ ಹೇಗೆ ಹಿಡಿಯುವುದೆಂದೇ ತಿಳಿಯದ ನಮ್ಮ ಅಪ್ಪನ ಹೆಸರು. ಮೂರು ಸಾಲು ಹೆಣೆದು ಬದಿಗಿಡುವಳು, ಕೌದಿಗೆ ನಾಲ್ಕು ಹೊಲಿಗೆ ಹಾಕುವಳು, ಮತ್ತೆ ಮೊದಲಿನದಕ್ಕೆ ಬರುವಳು. ಪಾರ್ಶ್ವವಾಯು ಹೊಡೆದು ಬಲಗೈ ನಡುಗತೊಡಗಿದ ಮೇಲೂ ಹಾಗೆಯೇ. ಕೈ ನೆಟ್ಟಗಿದ್ದ ದಿನ ಸಣ್ಣ ಕಡ್ಡಿಯ ಹೆಣಿಗೆ, ನಡುಗುವ ದಿನ ಕೌದಿಯ ಉದ್ದುದ್ದ ಹೊಲಿಗೆ, ಏನೂ ಆಗದ ದಿನ ಖಣಗಳನ್ನು ಬಿಚ್ಚಿ ಸವರಿ ಮತ್ತೆ ಮಡಚುವುದು.

ಒಂದು ಸಂಜೆ ಮಿತಪಾಲಕಿ ಪದ್ಮಾವತಿ ಹಂಚಿನಾಳ ಬಂದರು. ಕೆಟ್ಟ ಹೆಂಗಸಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದರು, ಕೊಟ್ಟ ಚಹಾ ಕುಡಿದರು, ಆಮೇಲೆ ಬುಟ್ಟಿಗಳನ್ನು ಒಂದೊಂದಾಗಿ ನೋಡಿದರು.

“ಅವ್ವಾರ, ಇಷ್ಟೂ ಉಳಿಕಿ ಆಗ್ತೈತ್ರಿ,” ಎಂದರು. “ಆದ್ರ ನಿಮ್ಮ ಕೈ ನೋಡಿದೆ. ಆರಾಮಿಲ್ಲದವ್ರಿಗೆ ಕಾನೂನಿನಾಗ ರಿಯಾಯ್ತಿ ಐತಿ. ಜಡ್ಡು ಅಂತ ಒಂದು ಮಾತು ಹೇಳ್ರಿ ಸಾಕು, ನಾ ಎದ್ದು ಹೋಗ್ತೀನಿ.”

ನನಗೆ ಹೋದ ಜೀವ ಬಂದಂತಾಯಿತು. ಹೇಳು ಎಂದು ಅವ್ವನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

“ತಂಗಿ, ಜಡ್ಡು ಬಂದದ್ದು ಮೊನ್ನೆ ಮೊನ್ನೆ. ನಾ ಇದನ್ನ ಹರೇದಾಗಿಂದ ಮಾಡಾಕತ್ತೀನಿ. ಕೈ ಗಟ್ಟಿ ಇದ್ದಾಗೂ ನನಗ ಒಂದರಾಗ ಮನಸು ನಿಲ್ತಿರಲಿಲ್ಲ. ಈಗ ಜಡ್ಡಿನ ಹೆಸರು ಹೇಳಿ ಯಾಕ ತಪ್ಪಿಸ್ಕೊಳ್ಳಲಿ?”

“ಹಂಗಲ್ರೀ, ಇಷ್ಟೆಲ್ಲ ಯಾವುದಕ್ಕ ಬೇಕ್ರಿ ನಿಮಗ?”

“ಯಾವುದಕ್ಕೂ ಬ್ಯಾಡ. ಚಂದ ಅದಾವು, ತಗೊಂಡೆ. ನಾ ಒಂದು ಎಳಿ ಬಿಸಾಕಿಲ್ಲ, ಒಂದು ಚಿಂದಿ ಸುಟ್ಟಿಲ್ಲ. ಬೇಕಾದ್ರ ಒಯ್ಯಿ. ಆದ್ರ ತಪ್ಪಾತು ಅಂತ ಮಾತ್ರ ನನ್ನ ಬಾಯಿಂದ ಬರೂದಿಲ್ಲ.”

ಪದ್ಮಾವತಿಯವರು ಎದ್ದರು. ಬುಟ್ಟಿಗಳನ್ನು ಹೊರಗೆ ನಿಂತಿದ್ದ ಗಾಡಿಗೆ ಹಾಕಿಸಿದರು. ಹೆಣೆದದ್ದನ್ನೆಲ್ಲ ನೂಲುಮನೆಯಲ್ಲಿ ಬಿಚ್ಚಿ ಉಂಡೆ ಸುತ್ತಿದರೆಂದು ಆಮೇಲೆ ತಿಳಿಯಿತು. ಒಂದು ವರ್ಷ ನಮ್ಮ ಮನೆಗೆ ನೂಲಿಲ್ಲ, ಬಟ್ಟೆಯಿಲ್ಲ ಎಂದು ಆಜ್ಞೆಯಾಯಿತು. ಗಾಡಿ ಹೋದ ಮೇಲೆ ನಾನು ಅವ್ವನ ಮೇಲೆ ಹಾಯ್ದೆ. ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ಕೂಗಾಡಿದೆ. “ಹಂಗ ಹೇಳಿದ್ರ, ನಾಳೆ ನೀನೂ ಮನಸಿಗೆ ಬಂದದ್ದು ಮಾಡಾಕ ಜಡ್ಡು ಬರೂತನಕ ಕಾಯ್ತಿದ್ದಿ,” ಎಂದಳು. ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದಳು. ಅವಳ ಹೆಗಲು ಅಲುಗುತ್ತಿತ್ತು. ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಅವ್ವ ಹಾಸಿಗೆಯ ಅಂಚನ್ನು ಬೆರಳಲ್ಲಿ ಹೊಸೆಯುತ್ತ ಕೂಡುತ್ತಿದ್ದಳು. ಊಟ ಕಡಿಮೆಯಾಯಿತು. ಒಂದು ದಿನ ಎದುರುಮನೆಯ ಮೆಹರುನ್ನಿಸಾ ಅಕ್ಕ ಬಂದರು. ಕುಬುಸ ಹೊಲಿಯುವವರು, ಜೀವಮಾನದಲ್ಲಿ ಒಂದು ನಿಯಮ ಮೀರಿದವರಲ್ಲ. ಸೆರಗಿನೊಳಗಿಂದ ಅರ್ಧ ಹೆಣೆದ ಕಾಲುಚೀಲ ತೆಗೆದು ಅವ್ವನ ಮಡಿಲಿಗೆ ಹಾಕಿದರು.

“ಗುರುಸಿದ್ದವ್ವಾ, ಇದು ನಂದು. ಎಷ್ಟು ದಿನದಿಂದ ಮುಚ್ಚಿಟ್ಟೀನೋ ಅಲ್ಲಾಗೇ ಗೊತ್ತು. ಹಿಮ್ಮಡ ತಿರುವಾಕ ಬರವಲ್ದು. ನೀ ಒಂದೆರಡು ಸಾಲು ಹೆಣಿ.”

ಅವ್ವ ಅದನ್ನು ತಿರುಗಿಸಿ ನೋಡಿದಳು. ಆ ಗಾಡಿ ಹೋದ ಮೇಲೆ ಮೊದಲ ಸಲ ನಕ್ಕಳು. “ನೀನೂ ಕಳ್ಳಿನಾ?” ಎಂದಳು. ಮೆಹರುನ್ನಿಸಾ ಅಕ್ಕನೂ ಬಿದ್ದು ಬಿದ್ದು ನಕ್ಕರು. ಮರುದಿನ ಮೂಲೆಮನೆಯವರು ಹೊಲಿಗೆ ಬಿಚ್ಚಿದ ಲಂಗ ತಂದರು. ಆಮೇಲೆ ಸಂಜೆಯಾದರೆ ಸಾಕು, ಯಾರಾದರೊಬ್ಬರು ತಮ್ಮ ಉಳಿಕೆ ಹಿಡಿದು ಬಂದು ಅವ್ವನ ಮಂಚದ ಬಳಿ ಕೂಡುತ್ತಿದ್ದರು, ಕೆಲವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಎಲ್ಲರ ಮನೆಯಲ್ಲೂ ಇತ್ತು. ಅಕ್ಕಿಯ ಡಬ್ಬಿಯಲ್ಲಿ, ದೇವರ ಜಗಲಿಯ ಕೆಳಗೆ, ಹಾಸಿಗೆಯ ಗಂಟಿನಲ್ಲಿ. ಇಷ್ಟು ವರ್ಷ ಒಬ್ಬರಿಗೊಬ್ಬರು ಹೆದರಿ ಬದುಕಿದ್ದೆವು.

ವರ್ಷ ತುಂಬಿದ ದಿನ ನಾನು ನೂಲುಮನೆಗೆ ಹೋದೆ. ಅರಿಶಿನದ ಬಣ್ಣದ ಎಕ್ಕದ ನೂಲು ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡೆ. ಕಟ್ಟೆಯ ಆಚೆಗಿದ್ದವನು ತಲೆಯೆತ್ತದೆ ಕೇಳಿದ, “ಯಾವುದಕ್ಕ್ರಿ?”

ನನ್ನ ಹೊಟ್ಟೆಪಾಡು ನಿಂತಿದ್ದದ್ದು ಇವರು ಕೊಡುವ ನೂಲಿನ ಮೇಲೆ. ಸಾಲಿನಲ್ಲಿ ಹಿಂದೆ ಜನ ನಿಂತಿದ್ದರು. ಸ್ವೆಟರಿಗೆ ಎಂದುಬಿಟ್ಟರೆ ಮುಗಿಯುತ್ತಿತ್ತು.

“ಗೊತ್ತಿಲ್ಲ,” ಎಂದೆ. “ಮನಿಯಾಗ ಇನ್ನೂ ನಾಕು ಅರ್ಧಕ್ಕ ಅದಾವು. ಇದು ಚಂದ ಐತಿ, ಬೇಕು.”

ಅವನು ಈಗ ತಲೆಯೆತ್ತಿದ. ಹಾಗೆ ಹೇಳಿದರೆ ಕೊಡಲು ಬರುವುದಿಲ್ಲ, ಬದಿಗೆ ಸರಿಯಿರಿ ಎಂದ. ಸರಿದು ನಿಂತೆ, ಹೊರಗೆ ಮಾತ್ರ ಹೋಗಲಿಲ್ಲ. ನನ್ನ ಹಿಂದಿದ್ದವಳು ನಾನು ಕಂಡರಿಯದ ಹೆಂಗಸು, ಯಾವ ಓಣಿಯವಳೋ. ನೀಲಿ ಖಣ ಹಿಡಿದಿದ್ದಳು. ಅವಳಿಗೂ ಅದೇ ಪ್ರಶ್ನೆ. ಅವಳು ನನ್ನ ಮುಖ ನೋಡಿದಳು, ಖಣ ನೋಡಿದಳು. “ನನಗೂ ಗೊತ್ತಿಲ್ಲಪಾ,” ಎಂದಳು. ಅವಳ ಹಿಂದಿನವಳೂ ಅದನ್ನೇ ಹೇಳಿದಳು. ಆ ದಿನ ನಮ್ಮಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಮರುದಿನ ಮತ್ತೆ ಹೋದೆವು, ಇನ್ನೂ ಹೆಚ್ಚು ಜನ. ದಾಸ್ತಾನು ಹಾಗೇ ಬಿದ್ದು ನುಸಿ ಹಿಡಿಯತೊಡಗಿದಾಗ ಕಟ್ಟೆಯವರು ‘ಯಾವುದಕ್ಕೆ’ ಎಂದು ಕೇಳುವುದನ್ನೇ ಬಿಟ್ಟು ಕೊಡತೊಡಗಿದರು. ಕಾನೂನು ಇನ್ನೂ ಇದೆ. ಮಿತಪಾಲಕರು ಇನ್ನೂ ಬರುತ್ತಾರೆ. ನಮ್ಮ ಬೀದಿಯಲ್ಲಿ ಈಗ ಯಾರೂ ಬುಟ್ಟಿ ಮುಚ್ಚುವುದಿಲ್ಲ, ಅಷ್ಟೆ. ಕಳೆದ ಸಲ ಪದ್ಮಾವತಿಯವರು ಬಂದಾಗ ಚಹಾ ಕುಡಿದು, ಕೌದಿಯ ಮೇಲೆ ಒಮ್ಮೆ ಕೈಯಾಡಿಸಿ, ಒಂದು ಬುಟ್ಟಿಯನ್ನೂ ಒಯ್ಯದೆ ಹೋದರು.

ಇಷ್ಟನ್ನು ನಿಮಗೆ ಬರೆಯುವ ಕಾರಣ ಒಂದೇ. ನಿಮ್ಮನ್ನು ತಡೆಯಲು ಇನ್ನೂ ಯಾವ ಕಾನೂನೂ ಇಲ್ಲ, ಆದರೂ ನೀವೇ ನಿಮ್ಮ ಮನೆಗೆ ಮಿತಪಾಲಕರಾಗಿದ್ದೀರಿ. ಬಿಸಾಡಬೇಡಿ, ಸುಡಬೇಡಿ, ಆ ಹೊಗೆಯನ್ನು ನಮ್ಮವರು ಕುಡಿದಿದ್ದಾರೆ. ಅದನ್ನು ಬಿಟ್ಟು ಬೇರೆ ಯಾವುದಕ್ಕೂ ನೀವು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಬಣ್ಣ ಹಿಡಿಸಿದರೆ ಕೊಳ್ಳಿ. ಒಂದು ಅರ್ಧಕ್ಕಿರುವಾಗ ಇನ್ನೊಂದನ್ನು ಹಿಡಿಯಿರಿ, ಬೇಸರವಾದರೆ ಮೂರನೆಯದನ್ನು. ಬೇಯಿಸಿ, ಬಳಿದು, ಎಲ್ಲರ ಎಲ್ಲ ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮುಗಿಸುವ ನಿಮಗೆ ಮುಗಿಸಲೇಬೇಕಿಲ್ಲದ ಕೆಲಸ ಒಂದಾದರೂ ಇರಲಿ. ಇನ್ನು ಮುಂದೆ ಚೀಲವನ್ನು ತೋಳಿಗೆ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ, ಮುಂಬಾಗಿಲಿನಿಂದ ಒಳಗೆ ಬನ್ನಿ.

ಅವ್ವ ಕರೆಯುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಹೊಸದೊಂದನ್ನು ಶುರು ಮಾಡಿದ್ದಾಳೆ. ಏನದು ಎಂದು ನಾನು ಕೇಳಿಲ್ಲ.

ನಿಮ್ಮ ಮರಿಮಕ್ಕಳ ಮರಿಮಗಳು,
ನೀಲಾಂಬಿಕೆ