ನನ್ನ ಕುತ್ತಿಗೆಗೆ ಯಾವ ಪೈಪು

ರೀ,

ನೀವು ಮೋಟರ್ ಇಳಿಸಲು ರೊದ್ದಂಗೆ ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ತಂಗಿ ರೇವತಿಯನ್ನು ಕರೆದುಕೊಂಡು ಹಿಂದೂಪುರದ ಆಸ್ಪತ್ರೆಗೆ ಹೊರಟೆ. ನಾಳೆ ನನ್ನ ಆಪರೇಷನ್. ಫಾರಮ್ಮಿಗೆ ನಾನೇ ಸಹಿ ಹಾಕುತ್ತೇನೆ.

ಕುತ್ತಿಗೆಯಲ್ಲಿ ಸವೆದ ಮೂರು ಡಿಸ್ಕ್ ತೆಗೆದು, ಆ ಜಾಗದಲ್ಲಿ ಟೈಟಾನಿಯಂ ಇಡೋಣವೋ ಗಟ್ಟಿ ಪ್ಲಾಸ್ಟಿಕ್ ಇಡೋಣವೋ ಎಂದು ಡಾಕ್ಟರು ಕೇಳಿ ತಿಂಗಳಾಯಿತು. ಬೋರ್‌ವೆಲ್ ಮೆಕ್ಯಾನಿಕ್ಕಾದ ನಿಮಗೆ ನನ್ನ ಕುತ್ತಿಗೆಯೂ ಬೋರ್‌ವೆಲ್ಲಾಗಿಯೇ ಕಂಡಿತು. "ಪ್ಲಾಸ್ಟಿಕ್ಕು ಸೀಳ್ಕೊಂಬುಡ್ತೈತೆ ಸಾರ್, ಕಬ್ಬಿಣದ ಜಿಐ ಪೈಪೇ ಗಟ್ಟಿ" ಅಂತ ಅವರ ಮೇಜಿನ ಮೇಲೆ ಪೈಪಿನ ತುಂಡು ಇಟ್ಟಿರಿ. ಕಲ್ಯಾಣದುರ್ಗದಲ್ಲಿ ನಿಮ್ಮಣ್ಣ ದೇವರ ಹತ್ತಿರ ಹೂ ಕೇಳಿದರು. ಬಲಗಡೆಯದು ಬಿದ್ದರೆ ಟೈಟಾನಿಯಂ, ಎಡಗಡೆಯದಾದರೆ ಪ್ಲಾಸ್ಟಿಕ್. ಹೂವೇನೋ ಬಿತ್ತು. ಅದು ದೇವರ ಬಲಗಡೆಯೋ ನಮ್ಮ ಬಲಗಡೆಯೋ ಎಂದು ಅಣ್ಣತಮ್ಮಂದಿರು ಇನ್ನೂ ಫೋನಿನಲ್ಲಿ ವಾದ ಮಾಡುತ್ತಿದ್ದೀರಿ.

ನಿನ್ನೆ ನಾನೇ ಡಾಕ್ಟರಿಗೆ ಫೋನ್ ಮಾಡಿದೆ. "ಯಾವ್ದಿಟ್ರೂ ಮೂಳೆ ಕೂಡ್ಕೊಂತೈತೆ ನೋಡಮ್ಮ. ತಡ ಮಾಡಿದ್ರೆ ಮಾತ್ರ ಕೈಗೆ ಶಕ್ತಿ ತಿರುಗಿ ಬರಲ್ಲ" ಅಂದರು. ಯಾವುದು ಅನ್ನುವುದನ್ನು ಅವರಿಗೇ ಬಿಟ್ಟೆ.

ಸಾರು ಒಲೆಯ ಮೇಲಿದೆ. ಮುದ್ದೆ ನೀವೇ ತಿರುವಿಕೊಳ್ಳಿ, ಎರಡು ವಾರದಿಂದ ಕೋಲು ನನ್ನ ಕೈಯಲ್ಲಿ ನಿಲ್ಲುತ್ತಿಲ್ಲ. ಎಮ್ಮೆಗೆ ನೀರಿಡುವುದನ್ನು ಮರೆಯಬೇಡಿ. ಸಂಜೆ ಬರುವಾಗ ನನ್ನ ಹೊದಿಕೆ ತನ್ನಿ, ಪೈಪು ತರಬೇಡಿ.

ಅಕ್ಷರ ಸೊಟ್ಟಗಿರುವುದು ಕೋಪಕ್ಕಲ್ಲ. ಇಷ್ಟು ಬರೆಯಲು ನನಗೆ ಒಂದು ಗಂಟೆ ಹಿಡಿಯಿತು.

ಉಮಾ