ದೆವ್ವದ ದನಿ ನನ್ನದೇ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಕರ್ತನ ಹೆಸರಿನಲ್ಲಿ ವಂದನೆ. ಇದನ್ನು ಅಭ್ಯಾಸಬಲದಿಂದ ಬರೆದೆ ಎಂದು ತಿಳಿಯಬೇಡ. ಬೇಕೆಂದೇ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ನಿನ್ನ ಮಗಳು ವಿಶ್ವಾಸ ಕಳೆದುಕೊಂಡಳು ಎಂದು ಯಾರಾದರೂ ನಿನಗೆ ಫೋನ್ ಮಾಡಿ ಹೇಳಿದ್ದರೆ, ಅವರಿಗೆ ಈ ಸಾಲನ್ನು ಓದಿ ಹೇಳು.

ಫೋನಿನಲ್ಲಿ ಮಾತಾಡಿ ನೋಡಿದ್ದಾಯಿತು. ನೀನು ಅಳಲು ಶುರುಮಾಡುತ್ತೀಯ, ನಾನು ದನಿ ಏರಿಸುತ್ತೇನೆ, ಆಮೇಲೆ ಇಬ್ಬರೂ "ಊಟ ಆಯ್ತಾ" ಎಂದು ಕೇಳಿಕೊಂಡು ಇಟ್ಟುಬಿಡುತ್ತೇವೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ.

"ಭಾನುವಾರ ಎದ್ದು ನಿಂತು ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು, ನಾಲಿಗೆ ಏನೂ ಸವೆದುಹೋಗಲ್ಲ" ಎಂದಿದ್ದೆಯಲ್ಲ. ಎದ್ದು ನಿಂತೆ. ಆದರೆ ನೀನು ಹೇಳಿಕೊಟ್ಟದ್ದನ್ನು ಹೇಳಲಿಲ್ಲ. ಏನು ಹೇಳಿದೆ ಎಂದು ತಿಳಿಸುವುದಕ್ಕೆ ಮುಂಚೆ ಇಡೀ ವಿಷಯ ಕೇಳು. ಇಲ್ಲಿಯವರೆಗೆ ನಿನಗೆ ತಲುಪಿರುವುದೆಲ್ಲ ಕಂಡವರು ಉಪ್ಪು ಖಾರ ಹಚ್ಚಿದ ಸುದ್ದಿ.

ನಮ್ಮ ಕಾಲೇಜಿನ ಹಿಂದಿನ ರಸ್ತೆಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಡಬ್ಬಿಂಗ್ ಸ್ಟುಡಿಯೋ ಇದೆ. ಪರದೆಯ ಮೇಲೆ ತುಟಿಯಾಡಿಸುವವರಿಗೆ ದನಿ ಕೂಡಿಸುವ ಜಾಗ. ಗೋಡೆಗಳಿಗೆಲ್ಲ ದಪ್ಪ ಸ್ಪಂಜು ಬಡಿದಿದ್ದಾರೆ. ಸದ್ದು ಮೈಕಿಗೆ ಹೋಗುತ್ತದೆಂದು ಫ್ಯಾನನ್ನೂ ಹಾಕುವುದಿಲ್ಲ; ಒಳಗೆ ಬೆವರಿ ನೀರಾಗುತ್ತೇವೆ. ಸಿನಿಮಾಕ್ಕೆ ಜನಜಂಗುಳಿಯ ಗದ್ದಲ ಬೇಕಾದಾಗ ಅವರು ನಮ್ಮಂಥ ವಿದ್ಯಾರ್ಥಿಗಳನ್ನು ಕರೆಯುತ್ತಾರೆ. ಮದುವೆಮನೆಯ ಗದ್ದಲ, ರೈಲು ನಿಲ್ದಾಣದ ಗದ್ದಲ, ಹೊಡೆದಾಟಕ್ಕೆ ಸೇರಿದವರ ಗದ್ದಲ, ಹೀಗೆ ಬೆರಳೆಣಿಕೆಯ ಜನ ಸೇರಿ ಇಡೀ ಊರೇ ಕೂಗಿದಂತೆ ಕೂಗಬೇಕು. ಅಲ್ಲಿನ ಮೇಲ್ವಿಚಾರಕರನ್ನು ನಾವು ಸೈಲೆನ್ಸ್ ಸಾರ್ ಎನ್ನುತ್ತೇವೆ. "ಸೈಲೆನ್ಸ್, ಸೈಲೆನ್ಸ್" ಎಂದು ಅವರು ಮಾಡುವಷ್ಟು ಸದ್ದನ್ನು ನಾವು ಯಾರೂ ಮಾಡುವುದಿಲ್ಲ.

ಒಂದು ಮಧ್ಯಾಹ್ನ ದೆವ್ವದ ಪಾತ್ರಕ್ಕೆ ದನಿ ಕೊಡಬೇಕಾಗಿದ್ದ ಕಲಾವಿದೆಗೆ ಗಂಟಲು ಕಟ್ಟಿತ್ತು. ತಡವರಿಸದೆ ಓದುವವರು ನಿಮ್ಮಲ್ಲಿ ಯಾರಿದ್ದೀರಿ ಎಂದು ಸೈಲೆನ್ಸ್ ಸಾರ್ ಕೇಳಿದರು. ನಾನು ಕೈ ಎತ್ತಿದೆ. ಚರ್ಚಿನಲ್ಲಿ ಭಾನುವಾರದ ವಾಚನ ಓದುವವಳು ನಾನು, ಎತ್ತದೆ ಇರುತ್ತೇನೆಯೇ? ಅದೂ ನಿನ್ನ ಕೈಯಲ್ಲಿ ಓದಲು ಕಲಿತವಳು. ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಮೈಕಿನಲ್ಲಿ ರೋಗಿಗಳ ಹೆಸರು ಕೂಗುವ ನೀನು ನನಗೆ ಏನು ಹೇಳಿಕೊಡುತ್ತಿದ್ದೆ, ನೆನಪಿದೆಯೇ? "ಕೊನೇ ಅಕ್ಷರ ನುಂಗಬೇಡ, ಕಾಯ್ತಾ ಕೂತವರಿಗೆ ಅದೂ ಕೇಳಿಸಬೇಕು."

ಆ ಸಿನಿಮಾದಲ್ಲಿ ಒಬ್ಬ ಹೆಂಗಸನ್ನು ಬಾಯಿಗೆ ಬಟ್ಟೆ ತುರುಕಿ ಬಾವಿಗೆ ನೂಕುತ್ತಾರೆ. ಅವಳು ಇನ್ನೊಬ್ಬ ಹುಡುಗಿಯ ಮೈಮೇಲೆ ಬರುತ್ತಾಳೆ. ದೆವ್ವ ಬಿಡಿಸುವವನು ಬಂದು ಬಾರುಕೋಲಿನಿಂದ ಬಾರಿಸಿ ಓಡಿಸುತ್ತಾನೆ. ಕಥೆ ಇಷ್ಟೇ. ದೊಡ್ಡ ಕಲಾಕೃತಿ ಎಂದು ನಾನು ವಾದಿಸಲು ಹೋಗುವುದಿಲ್ಲ. ಆದರೆ ಕೊನೆಯ ದೃಶ್ಯಕ್ಕೆ ಬಂದಾಗ ನನ್ನ ಕೈಯಲ್ಲಿದ್ದ ಹಾಳೆಯಲ್ಲಿ "ಚೀರುತ್ತಾಳೆ" ಎಂದಷ್ಟೇ ಇತ್ತು. ನಾನು ಪರದೆ ನೋಡುತ್ತಾ ನಿಂತೆ. ಹೋಗು ಅಂದರು, ಬಿಡು ಅಂದರು, ಹೊಡೆದರು. ನೀನು ಯಾರು, ನಿನಗೇನಾಯಿತು ಎಂದು ಇಡೀ ಸಿನಿಮಾದಲ್ಲಿ ಒಬ್ಬನೂ ಅವಳನ್ನು ಕೇಳಲಿಲ್ಲ. ನಮ್ಮ ಸ್ವಾಮಿ ಕೇಳಿದ್ದನಲ್ಲ ಅಮ್ಮಾ. ದೆವ್ವ ಹಿಡಿದು ಸಮಾಧಿಗಳ ನಡುವೆ ಬೆತ್ತಲೆ ಅಲೆಯುತ್ತಿದ್ದವನ ಹತ್ತಿರ ಹೋಗಿ ಹೆಸರು ಕೇಳಿದ್ದನಲ್ಲ. ಚಿಕ್ಕವಳಿದ್ದಾಗ ನೀನೇ ಹೇಳಿದ ಬೈಬಲಿನ ಕಥೆ ಅದು.

ನಾನು ಚೀರಲಿಲ್ಲ. ಮೈಕಿನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಯಾರಾದ್ರೂ ನನ್ ಹೆಸರು ಕೇಳ್ರೋ" ಎಂದೆ. ದೆವ್ವದ ಮುಖವನ್ನು ಕೂದಲು ಮುಚ್ಚಿದ್ದರಿಂದ ತುಟಿಗೆ ಹೊಂದಿಸುವ ಕಷ್ಟವಿರಲಿಲ್ಲ. ಸೈಲೆನ್ಸ್ ಸಾರ್ ಅವತ್ತು ಮೊದಲ ಬಾರಿಗೆ ಸುಮ್ಮನಾದರು. ಆಮೇಲೆ ಗಾಜಿನ ಆಚೆಯಿಂದ, "ಇದೇ ಇರ್ಲಿ" ಎಂದರು.

ಆಮೇಲೆ ಏನಾಯಿತೆಂದು ನಿನಗೂ ಗೊತ್ತು. ಆ ಒಂದು ಮಾತು ಊರೆಲ್ಲ ಹಬ್ಬಿತು. ಜನ ಅದನ್ನು ಫೋನಿನ ರಿಂಗ್‌ಟೋನ್ ಮಾಡಿಕೊಂಡರು. ಬೆಕ್ಕಿನ ವಿಡಿಯೋಕ್ಕೆ, ಮದುಮಗನ ವಿಡಿಯೋಕ್ಕೆ, ಎಲ್ಲಕ್ಕೂ ಅದನ್ನೇ ಅಂಟಿಸಿದರು. ನಮ್ಮ ತರಗತಿಯಲ್ಲಿ ಹಾಜರಿ ಕೂಗುವ ಹೊತ್ತಿಗೆ ಸರಿಯಾಗಿ ಹಿಂದಿನ ಬೆಂಚಿನಿಂದ ಯಾರೋ ಒಬ್ಬರು "ನನ್ ಹೆಸರು ಕೇಳ್ರೋ" ಎನ್ನುತ್ತಿದ್ದರು. ಮೇಷ್ಟರೂ ನಗುತ್ತಿದ್ದರು. ನನಗೆ ಹೆಮ್ಮೆಯಾಗಿತ್ತು. ಅದನ್ನು ಯಾಕೆ ಮುಚ್ಚಿಡಲಿ?

ಆ ದನಿ ನನ್ನದೆಂದು ಚರ್ಚಿನವರಿಗೆ ಗೊತ್ತಾಗಿದ್ದು ಸಂಡೇ ಸ್ಕೂಲಿನಲ್ಲಿ. ಮಕ್ಕಳಿಗೆ ಪಾಠ ಓದುತ್ತಾ ಒಂದು ಕಡೆ ದನಿ ತಗ್ಗಿಸಿದೆ ನೋಡು, ಮುಂದೆ ಕೂತಿದ್ದ ಎರಡು ಜಡೆಯ ಪುಟ್ಟಿ ಬೆಂಚಿನ ಕೆಳಗೆ ನುಸುಳಿದಳು. ಎಷ್ಟು ಕರೆದರೂ ಬರಲಿಲ್ಲ. "ಟೀಚರ್ ದೆವ್ವ" ಎಂದು ಅಳತೊಡಗಿದಳು. ಅವಳ ಅಮ್ಮ ದರ್ಜಿ, ನಮ್ಮ ಗಾಯನ ತಂಡದ ನಿಲುವಂಗಿಗಳನ್ನೆಲ್ಲ ಹೊಲಿದವರು. ಅವರು ಪಾಸ್ಟರ ಹತ್ತಿರ ಹೋಗಿ ದೂರು ಕೊಟ್ಟರು. ಮಗು ಒಬ್ಬಳೇ ಬಚ್ಚಲುಮನೆಗೂ ಹೋಗುವುದಿಲ್ಲ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ, ಅವಳಿಗೆ ಪಾಠ ಹೇಳುವವಳೇ ಇಂಥ ಕೆಲಸ ಮಾಡಿದರೆ ಹೇಗೆ, ಅವಳನ್ನು ಸ್ವಲ್ಪ ತಿದ್ದಿ ಎಂದರು.

ಆ ದೂರನ್ನು ನಾನು ತಪ್ಪು ಎನ್ನುವುದಿಲ್ಲ. ಮರುದಿನವೇ ಅವರ ಮನೆಗೆ ಹೋದೆ. ದರ್ಜಿ ಆಂಟಿ ಬಾಗಿಲಿನಲ್ಲೇ ನಿಲ್ಲಿಸಿದರು, ಕೊರಳಲ್ಲಿ ಅಳತೆಯ ಟೇಪು, ತುಟಿಯಲ್ಲಿ ಗುಂಡುಸೂಜಿ. ಕ್ಷಮೆ ಕೇಳಿದೆ. ಐದು ನಿಮಿಷ ಮಗುವಿನ ಜೊತೆ ಕೂರಲು ಬಿಡಿ ಎಂದೆ. ಸೂಜಿ ತೆಗೆಯದೆ ತಲೆಯಾಡಿಸಿದರು. ಖಾಲಿ ಬಕೆಟ್ಟು ತರಿಸಿ ಅದರೊಳಗೆ ಮುಖ ಇಟ್ಟು ಮಾತಾಡಿದರೆ ದನಿ ಹೇಗೆ ಊದಿಕೊಳ್ಳುತ್ತದೆ, ಮೂಗು ಹಿಡಿದುಕೊಂಡರೆ ಹೇಗಾಗುತ್ತದೆ, ಉಸಿರನ್ನು ಒಳಗೆಳೆಯುತ್ತಾ ಮಾತಾಡಿದರೆ ಹೇಗೆ ಎಂದು ಪುಟ್ಟಿಗೆ ತೋರಿಸಿದೆ. ಮೊದಲು ನನ್ನ ಹತ್ತಿರವೇ ಬರಲಿಲ್ಲ. ಆಮೇಲೆ ಬಕೆಟ್ಟು ನನ್ನ ಕೈಗೆ ಬರಲಿಲ್ಲ. ಹೊಲಿಗೆ ಮೇಜಿನ ಅಡಿಯಿಂದ ತನ್ನ ಅಮ್ಮನನ್ನೇ ಬೆಚ್ಚಿಬೀಳಿಸಿ ಬಿದ್ದುಬಿದ್ದು ನಕ್ಕಳು.

ಆಂಟಿ ಮಾತ್ರ ನಗಲಿಲ್ಲ. "ಮಗು ನಕ್ತು, ಒಳ್ಳೇದಾಯ್ತು. ಆದ್ರೆ ನೀನು ಮಾಡಿದ್ದು ನಂಗೆ ಸರಿ ಕಾಣಲ್ಲ" ಎಂದರು.

"ಸರಿ ಕಾಣದಿದ್ರೆ ನೋಡ್ಬೇಡಿ ಆಂಟಿ" ಎಂದೆ.

"ನೋಡಿಲ್ಲ ಕಣೇ. ಕಿವಿಗೆ ರೆಪ್ಪೆ ಇದ್ಯಾ ಮುಚ್ಕೊಳ್ಳೋಕೆ?"

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಅದು ಚರ್ಚಿನ ಸಭೆಯ ಕಮಿಟಿಯ ಕೈಗೆ ಹೋಗಿತ್ತು. ಚರ್ಚಿನ ಪಕ್ಕದ ಕೋಣೆಗೆ ನನ್ನನ್ನು ಕರೆಸಿದರು. ಪಾಸ್ಟರು ಒಳ್ಳೆಯವರು, ಆದರೆ ಬಳಲಿದವರು. ಯಾರು ಗಟ್ಟಿಯಾಗಿ ಮಾತಾಡಿದರೂ ಅವರ ಕಡೆಗೆ ವಾಲುತ್ತಾರೆ. ಗಟ್ಟಿಯಾಗಿ ಮಾತಾಡಿದವರು ಕಮಿಟಿಯ ಕಾರ್ಯದರ್ಶಿಗಳು. ನಾನು ಕ್ಷಮೆ ಕೇಳಿದರಷ್ಟೇ ಸಾಲದಂತೆ. ಎಲ್ಲರ ಮುಂದೆ ಸಾಕ್ಷಿ ಹೇಳಬೇಕಂತೆ: ದುಷ್ಟಶಕ್ತಿಯೊಂದು ನನ್ನ ಬಾಯನ್ನು ಬಳಸಿಕೊಂಡಿತು, ಈಗ ನನಗೆ ಬಿಡುಗಡೆಯಾಗಿದೆ, ಇನ್ನು ಸಿನಿಮಾದ ನೆರಳಿಗೂ ಹೋಗುವುದಿಲ್ಲ ಎಂದು. ಹಾಗೆ ಹೇಳದಿದ್ದರೆ ವಾಚನ ಇಲ್ಲ, ಸಂಡೇ ಸ್ಕೂಲ್ ಇಲ್ಲ, ನಾನಿರುವುದು ಸಭೆಯ ಹಾಸ್ಟೆಲಾದ್ದರಿಂದ ಅದರ ವಿಷಯವನ್ನೂ ಯೋಚಿಸಬೇಕಾಗುತ್ತದೆ ಎಂದರು.

"ಸಾರ್, ಅದು ಸುಳ್ಳು ಸಾಕ್ಷಿ ಆಗುತ್ತೆ" ಎಂದೆ.

"ಹೇಳಿದಷ್ಟು ಹೇಳಮ್ಮ. ಜನಕ್ಕೆ ಸಮಾಧಾನ ಆಗುತ್ತೆ" ಎಂದರು ಅವರು.

ಅಮ್ಮಾ, ಇದೇ ಕಾರ್ಯದರ್ಶಿಗಳು ಪ್ರತಿ ಸಂಜೆ ಸೀರಿಯಲ್ ಮುಗಿಯುವವರೆಗೆ ಯಾರ ಫೋನನ್ನೂ ಎತ್ತುವುದಿಲ್ಲ. ನಮ್ಮ ಯುವಕರ ಕೂಟದಲ್ಲಿ ಸ್ತುತಿಗೀತೆಗಳನ್ನು ಸಿನಿಮಾ ಹಾಡಿನ ಧಾಟಿಗೆ ಕೂರಿಸಿ ಹಾಡಿಸುತ್ತಾರೆ, ಕಾರ್ಯದರ್ಶಿಗಳೇ ಮುಂದೆ ನಿಂತು ಚಪ್ಪಾಳೆ ತಟ್ಟುತ್ತಾರೆ. ನಾನು ಅದನ್ನು ಹಂಗಿಸುತ್ತಿಲ್ಲ. ಹಾಡು ಚೆನ್ನಾಗಿಯೇ ಇರುತ್ತದೆ. ಅದು ದೇವರ ಸನ್ನಿಧಿಗೆ ಬರಬಹುದಾದರೆ ನನ್ನ ಒಂದು ಮಾತು ಯಾಕೆ ಬರಬಾರದು ಎಂದಷ್ಟೇ ಕೇಳುತ್ತಿದ್ದೇನೆ.

ಸಿನಿಮಾದವರ ಬಾಲ ಹಿಡಿದು ಹೋಗಿದ್ದೀಯ ಎಂದೆಯಲ್ಲ, ಅದೂ ನಿಜವಲ್ಲ. ಭಾನುವಾರ ಬೆಳಿಗ್ಗೆ ಬರುವುದಿಲ್ಲ ಎಂದು ಹೇಳಿದಾಗ ಸ್ಟುಡಿಯೋದಲ್ಲಿ ಎಲ್ಲರೂ ನನ್ನನ್ನು ಆಡಿಕೊಂಡರು. ಓದಿದ ಹುಡುಗಿ, ಇನ್ನೂ ಪ್ರಾರ್ಥನೆ ಗೀರ್ಥನೆ ಅಂತೀಯಲ್ಲ ಎಂದರು. ನಿನ್ನೆ ಸೈಲೆನ್ಸ್ ಸಾರ್ ಒಂದು ಹೊಸ ಪಾತ್ರ ಕೊಟ್ಟರು. ಕದ್ದು ಕುಡಿಯುವ ಸನ್ಯಾಸಿನಿ, ಪ್ರಾರ್ಥನೆಯ ನಡುವೆ ತೇಗುವುದು, ಬಿಕ್ಕುವುದು, ಥಿಯೇಟರಿನವರು ನಗಬೇಕು. ಓದಿ ನೋಡಿದೆ. ನನ್ನನ್ನು ಓದಿಸಿದ ಸಿಸ್ಟರ್‌ಗಳ ಮುಖ ಕಣ್ಣಮುಂದೆ ಬಂತು. ಬೇಡ ಎಂದೆ. "ಯಾಕೆ, ನಿಮ್ ಪಾಸ್ಟರ್ ಬೈತಾರಾ?" ಎಂದು ಕೇಳಿದರು. "ಪಾಸ್ಟರಿಗೆ ಗೊತ್ತೇ ಇಲ್ಲ ಸಾರ್. ನಂಗೇ ಬೇಡ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಿನಗಾದರೂ ಆಗಲಿ. ಬೇಕು ಎನ್ನುವುದೂ ನನ್ನದೇ, ಬೇಡ ಎನ್ನುವುದೂ ನನ್ನದೇ. ದೇವರ ಮುಂದೆ ಲೆಕ್ಕ ಒಪ್ಪಿಸಬೇಕಾದವಳು ನಾನಾದ ಮೇಲೆ, ಆಯ್ಕೆಯನ್ನು ಕಾರ್ಯದರ್ಶಿಗಳಿಗೂ ಬಿಡಲಾರೆ, ಸೈಲೆನ್ಸ್ ಸಾರ್‌ಗೂ ಬಿಡಲಾರೆ.

ಈಗ ಭಾನುವಾರದ ಮಾತು. ಪಾಸ್ಟರು ಪ್ರಸಂಗ ಮುಗಿಸಿ, ನಮ್ಮ ಸಹೋದರಿಯೊಬ್ಬಳು ಸಾಕ್ಷಿ ಹೇಳುತ್ತಾಳೆ ಎಂದು ನನ್ನ ಕಡೆ ನೋಡಿದರು. ಮುಂದೆ ಹೋಗಿ ನಿಂತೆ. ಮೈಕು ಬೇಡ ಎಂದು ಪಕ್ಕಕ್ಕೆ ಸರಿಸಿದೆ.

"ಆ ಸಿನಿಮಾದ ದೆವ್ವದ ದನಿ ನನ್ನದೇ" ಎಂದೆ. "ಯಾವ ಶಕ್ತೀನೂ ನನ್ನ ಬಾಯಿ ಬಳಸಿಕೊಂಡಿಲ್ಲ. ಬಳಸಿದ್ದು ನಾನೇ. ಮಗು ಹೆದರಿತು, ಅದಕ್ಕೆ ಮಗು ಹತ್ರ, ಅವರಮ್ಮನ ಹತ್ರ ಕ್ಷಮೆ ಕೇಳಿದೀನಿ, ಬೇಕಾದ್ರೆ ಇನ್ನೊಂದು ಸಲ ಇಲ್ಲೇ ಕೇಳ್ತೀನಿ. ಆದ್ರೆ ದನಿ ಕೊಟ್ಟಿದ್ದಕ್ಕೆ ಕೇಳಲ್ಲ. ದೇವರು ನಂಗೆ ಎರಡು ದನಿ ಕೊಟ್ಟಿಲ್ಲ. ಇಷ್ಟು ದಿನ ಇಲ್ಲಿ ಓದಿದ್ದೂ ಇದರಲ್ಲೇ, ಪ್ರಾರ್ಥನೆ ಮಾಡೋದೂ ಇದರಲ್ಲೇ. ಬಿಡುಗಡೆ ಆಗಿದೆ ಅಂತ ಹೇಳು ಅಂದ್ರು. ಆಗಿದೆ. ಸ್ವಾಮಿ ಅದನ್ನ ಯಾವತ್ತೋ ಮಾಡಿ ಮುಗಿಸಿದಾನೆ. ಅದಕ್ಕೇ ನಿಮ್ಮೆಲ್ಲರ ಮುಂದೆ ಸುಳ್ಳು ಹೇಳದೆ ನಿಂತ್ಕೊಳ್ಳೋಕೆ ಆಗ್ತಿದೆ."

ಯಾರೋ ಕೆಮ್ಮಿದರು. ಯಾರೋ ಒಬ್ಬರು ಎದ್ದು ಹೊರಗೆ ಹೋದರು. ಆರ್ಗನ್ ನುಡಿಸುವ ಅಜ್ಜ ಗಾಬರಿಯಾಗಿ ಯಾರೂ ಹೇಳದೆಯೇ ಹಾಡು ಶುರುಮಾಡಿಬಿಟ್ಟರು. ನಾನು ಹೋಗಿ ನನ್ನ ಜಾಗದಲ್ಲೇ ಕೂತೆ. ಪಕ್ಕದಲ್ಲಿದ್ದ ಹುಡುಗಿಯರು ಸ್ವಲ್ಪ ಸರಿದು ಕೂತರು. ಜಾಗ ಅಗಲವಾಯಿತು, ಕಾಲು ಚಾಚಿಕೊಂಡು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದೆ. ಕೊನೆಯಲ್ಲಿ ಕಾರ್ಯದರ್ಶಿಗಳು ಪ್ರಕಟಣೆ ಓದುವಾಗ, ಮುಂದಿನ ವಾರದಿಂದ ವಾಚನಕ್ಕೆ ತಮ್ಮ ಸೊಸೆ ಬರುತ್ತಾಳೆ ಎಂದರು. ಅವಳು ಅರ್ಧ ಅಕ್ಷರ ನುಂಗುತ್ತಾಳೆ ಅಮ್ಮಾ. ಅದೊಂದು ಹೊಟ್ಟೆಕಿಚ್ಚು ನನಗೆ ಇದೆ, ಇಲ್ಲ ಎನ್ನುವುದಿಲ್ಲ.

ಅಪ್ಪ ಹೋದ ಮೇಲೆ ನಮ್ಮೂರಿನ ಸಭೆಯವರು ನಮ್ಮ ಕೈಹಿಡಿದರು, ಅದನ್ನು ಮರೆತೆಯಾ ಎಂದು ಕೇಳಿದ್ದೀಯ. ಮರೆತಿಲ್ಲ. ಅವತ್ತು ಮನೆಗೆ ಊಟ ತಂದುಕೊಟ್ಟವರ, ನಿನ್ನ ಜೊತೆ ಬಂದು ಮಲಗಿದವರ ಮುಖವೆಲ್ಲ ನೆನಪಿದೆ. ಆದರೆ ಆ ಉಪಕಾರವನ್ನು ಮುಂದೊಂದು ದಿನ ಸುಳ್ಳು ಹೇಳಿ ತೀರಿಸಬೇಕು ಎಂದು ಅವರಲ್ಲಿ ಯಾರೂ ಹೇಳಿರಲಿಲ್ಲ. ಆ ಜನರಿಂದಲೇ ನನಗೆ ವಿಶ್ವಾಸ ಬಂದದ್ದು. ಅದಕ್ಕಾಗಿಯೇ ಚರ್ಚು ಬಿಟ್ಟು ಹೋಗುವುದಿಲ್ಲ. ಬೇಸತ್ತು ತಾನೇ ಹೋಗಿಬಿಡುತ್ತಾಳೆ ಎಂದು ಕೆಲವರು ಕಾಯುತ್ತಿದ್ದಾರೆ, ಕಾಯಲಿ. ಈ ಭಾನುವಾರವೂ ಹೋಗುತ್ತೇನೆ, ಅದೇ ಬೆಂಚಿಗೆ.

ನನ್ನ ಚಿಂತೆ ಮಾಡಬೇಡ. ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ. ಕೋಣೆಗೆ ಒಳ್ಳೆಯ ಬೆಳಕು ಬರುತ್ತದೆ. ಪರೀಕ್ಷೆಗೂ ಓದುತ್ತಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಆಸ್ಪತ್ರೆಯ ಲಿಫ್ಟು ಕೆಟ್ಟಿದ್ದರೆ ಮೆಟ್ಟಿಲು ಹತ್ತಬೇಡ, ಕೆಲಸವಿದ್ದರೆ ಮೇಲಿನವರೇ ಕೆಳಗೆ ಬರಲಿ.

ಚಿಕ್ಕಂದಿನಿಂದ ನೀನು ಕರೆಯುವ ಹಾಗೆ,
ನಿನ್ನ ಗಂಟೆ

ತಾ.ಕ.: ಉತ್ತರ ಬರೆದರೆ ಹಾಸ್ಟೆಲಿನ ವಿಳಾಸಕ್ಕೆ ಬರೆಯಬೇಡ. ಸೋಮವಾರ ಕಾಲೇಜಿನಿಂದ ಬಂದಾಗ ನನ್ನ ಟ್ರಂಕು ವರಾಂಡದಲ್ಲಿತ್ತು, ಹಾಸಿಗೆಯನ್ನು ಸುತ್ತಿ ಹಗ್ಗ ಕಟ್ಟಿ ಅದರ ಮೇಲಿಟ್ಟಿದ್ದರು. ವಾರ್ಡನ್ ಮುಖ ಕೊಟ್ಟು ಮಾತಾಡಲಿಲ್ಲ. ಟ್ರಂಕಿನ ಮೇಲೆ ಕೂತು ಬಹಳ ಹೊತ್ತು ಅತ್ತೆ. ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಹೇಗೋ ಸುದ್ದಿ ತಿಳಿದು ದರ್ಜಿ ಆಂಟಿ ಬಂದರು. "ಇವಳನ್ನ ತಿದ್ದಿ ಅಂದಿದ್ದೆ. ಹೊರಗೆ ಹಾಕಿ ಅಂತ ಯಾರು ಹೇಳಿದ್ರು?" ಎಂದು ವಾರ್ಡನನ್ನು ಕೇಳಿದರು. ನನ್ನ ಕಡೆ ತಿರುಗಿ, "ಟ್ರಂಕಿನ ಆ ಕಡೆ ಹಿಡ್ಕೋ" ಎಂದರು. ಈಗ ಅವರ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಸಿನಿಮಾದ ಬಗ್ಗೆ ಅವರ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ. ಊಟಕ್ಕೆ ಕೂತಾಗಲೆಲ್ಲ ಜಗಳವಾಡುತ್ತೇವೆ. ನೋಡಬೇಕೆನಿಸಿದರೆ ಬಾ. ಕರೆದುಕೊಂಡು ಹೋಗಲು ಬರಬೇಡ.