ಕಣ್ಣಿದ್ದ ಜೊಂಡು

ಕೆರೆ ಇಂಜಿನಿಯರ್ ಮೇಡಂ ಆಗಿರುವ ನನ್ನ ಮಗಳಿಗೆ,

ಒಂದೇ ಮನೆಯಲ್ಲಿ ಉಣ್ಣುವ ಅಪ್ಪನಿಗೆ "ಬರೆದು ಕೊಡಪ್ಪಾ, ಬಾಯಿಮಾತಿಗೆ ಕೆಲಸ ನಿಲ್ಲಿಸೋಕಾಗಲ್ಲ" ಅಂದೆಯಲ್ಲ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಇದೊಂದು ಶಿಕ್ಷೆ. ತಗೋ.

ಹೌದು, ನೀನು ಬೇಡವೆಂದರೂ ಕೆರೆಗೆ ಕಯಾಕ್ ದೋಣಿ ಹತ್ತಿ ಹೋದೆ. ಆಮೇಲೆ ಬೈಯುವೆಯಂತೆ. ನೋಡಿದರೆ ಜೊಂಡಿನ ಒಂದು ಕಡ್ಡಿಗೆ ಕಣ್ಣಿದೆ! ಪುಸ್ತಕದಲ್ಲಷ್ಟೇ ನೋಡಿದ್ದ ಜೊಂಡಿನ ಬಕ ಅನ್ನೋ ಹಕ್ಕಿ ಕಣೇ ಅದು. ಕೊಕ್ಕನ್ನು ಆಕಾಶಕ್ಕೆತ್ತಿ, ಗಾಳಿಗೆ ಜೊಂಡಿನಂತೆಯೇ ಓಲಾಡುತ್ತಿತ್ತು. ಅದೇ ಅದರ ಗುರುತು. ಫೋಟೋ ನೋಡಿ ಪಕ್ಷಿ ಸಂಘದವರೂ ಒಪ್ಪಿದರು. ಈ ಕೆರೆಯಲ್ಲಿ ಇದುವರೆಗೆ ಯಾರೂ ಅದನ್ನು ಕಂಡಿಲ್ಲವಂತೆ. ಅಲ್ಲೇ ಗೂಡಿದೆ, ಮೊಟ್ಟೆಯೂ ಇದೆ. ಖುಷಿಗೆ ನನಗೆ ಅನ್ನ ಇಳಿಯುತ್ತಿಲ್ಲ.

ಸೋಮವಾರ ಕೆರೆ ಸ್ವಚ್ಛ ಮಾಡಲು ಬರುವ ನಿನ್ನ ಯಂತ್ರ ಆ ಜೊಂಡು ಕತ್ತರಿಸಕೂಡದು. ಮರಿ ಹಾರುವವರೆಗೆ ಆಚೆ ದಡ ಸ್ವಚ್ಛ ಮಾಡಿಸು. ಇಲ್ಲವಾದರೆ ಯಂತ್ರದ ಮುಂದೆ ನಾನೇ ಅಡ್ಡ ನಿಲ್ಲುತ್ತೇನೆ. ಶನಿವಾರದೊಳಗೆ ಉತ್ತರ ಕೊಡು.

ನಿನ್ನ ಅಪ್ಪ